ಈ ‘ದೇರ್’ ಯಾವ ದೇರ್? ಒಂದೇ ಥರ ಕೇಳಿಸುವ ಇಂಗ್ಲಿಷ್ ಪದಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಸಂಜೆ ಹೊತ್ತು ಮನೆಯಲ್ಲಿ ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಡುತ್ತೇನೆ. ಎರಡನೇ ಕ್ಲಾಸಿನಿಂದ ಏಳನೇ ಕ್ಲಾಸಿನವರೆಗಿನ ಮಕ್ಕಳು ಬರುತ್ತಾರೆ. ಹೆಚ್ಚಿನವರು ಕನ್ನಡ ಮೀಡಿಯಂ. ಅವರನ್ನು ಕರೆದುಕೊಂಡು ಹೋಗಲು ಬರುವ ಅಪ್ಪ, ಅಮ್ಮ, ತಾತಂದಿರು ಗೇಟಿನ ಹತ್ತಿರ ನಿಂತು ಕೇಳುವ ಪ್ರಶ್ನೆಗಳಲ್ಲಿ ಅರ್ಧಕ್ಕರ್ಧ ಇದರ ಬಗ್ಗೆಯೇ ಇರುತ್ತವೆ. ಅವನ್ನೆಲ್ಲ ಇಲ್ಲಿ ಒಟ್ಟು ಮಾಡಿದ್ದೇನೆ.

ಓದುವ ಮೊದಲು ಒಂದು ಮಾತು. ಇಲ್ಲಿ ಇಂಗ್ಲಿಷ್ ಪದಗಳನ್ನೂ ಕನ್ನಡ ಲಿಪಿಯಲ್ಲೇ ಬರೆದಿದ್ದೇನೆ. ಸ್ಪೆಲ್ಲಿಂಗ್ ಬೇಕಾದ ಕಡೆ ಎಸ್-ಯು-ಎನ್ ಅಂತ ಅಕ್ಷರ ಬಿಡಿಸಿ ಹೇಳಿದ್ದೇನೆ. ಪಕ್ಕದಲ್ಲಿ ಒಂದು ಹಾಳೆ, ಪೆನ್ಸಿಲ್ ಇಟ್ಟುಕೊಂಡು ಆ ಅಕ್ಷರಗಳನ್ನು ಬರೆದುಕೊಳ್ಳುತ್ತಾ ಓದಿ. ಕಿವಿಗೆ ಒಂದೇ ಆದದ್ದು ಕಣ್ಣಿಗೆ ಹೇಗೆ ಬೇರೆ ಆಗುತ್ತದೆ ಅನ್ನೋದು ಆಗ ನಿಮಗೂ ಕಾಣಿಸುತ್ತದೆ.

ಹೋಮೋಫೋನ್ ಅಂದ್ರೆ ಏನು? ಕನ್ನಡದಲ್ಲೂ ಇದೆಯಾ?

ಹೇಳುವಾಗ ಒಂದೇ ಸದ್ದು, ಬರೆಯುವಾಗ ಬೇರೆ ಅಕ್ಷರ, ಅರ್ಥವೂ ಬೇರೆ. ಅಂಥ ಪದಗಳಿಗೆ ಹೋಮೋಫೋನ್ ಅಂತ ಹೆಸರು. ಗ್ರೀಕ್ ಭಾಷೆಯಲ್ಲಿ ‘ಹೋಮೋಸ್’ ಅಂದರೆ ಒಂದೇ, ‘ಫೋನೆ’ ಅಂದರೆ ದನಿ. ಸನ್ ಅಂದರೆ ಸೂರ್ಯ, ಎಸ್-ಯು-ಎನ್. ಸನ್ ಅಂದರೆ ಮಗ, ಎಸ್-ಓ-ಎನ್.

ಇದರಲ್ಲಿ ಅರ್ಧ ನಮ್ಮ ಮಕ್ಕಳಿಗೆ ಆಗಲೇ ಗೊತ್ತು. ‘ಆರು’ ಅಂದರೆ ಐದಾದ ಮೇಲೆ ಬರುವ ಸಂಖ್ಯೆ. ‘ಕಾಫಿ ಆರುತ್ತೆ, ಬೇಗ ಕುಡಿ’ ಅಂದಾಗ ಅದೇ ಆರು ಬೇರೆಯದಾಗುತ್ತದೆ. ‘ಕಾಡು’ ಮರಗಳಿರುವ ಜಾಗ. ತಮ್ಮ ಅಕ್ಕನನ್ನು ಪೀಡಿಸಿದರೆ ಅದೂ ಕಾಡುವುದೇ. ಯಾವ ಮಗುವೂ ಇದರಲ್ಲಿ ತಬ್ಬಿಬ್ಬಾಗುವುದಿಲ್ಲ. ಅಕ್ಕಪಕ್ಕದ ಮಾತು ನೋಡಿ ಅರ್ಥ ಹಿಡಿಯುತ್ತದೆ. ಇಂಗ್ಲಿಷ್‌ನಲ್ಲಿ ಹೊಸದಾಗಿ ಸೇರುವುದು ಒಂದೇ: ಅರ್ಥ ಬದಲಾದರೆ ಸ್ಪೆಲ್ಲಿಂಗ್ ಕೂಡ ಬದಲಾಗುತ್ತದೆ. ನಾವು ಕಲಿಸಬೇಕಾದದ್ದು ಆ ಒಂದು ಹೆಜ್ಜೆ.

ಮಗಳು ಕನ್ನಡ ಉಕ್ತಲೇಖನದಲ್ಲಿ ಇಪ್ಪತ್ತಕ್ಕೆ ಇಪ್ಪತ್ತು ತಗೋತಾಳೆ. ಇಂಗ್ಲಿಷ್‌ನಲ್ಲಿ ಮಾತ್ರ ಹೀಗೆ. ಗಮನ ಕೊಡ್ತಿಲ್ವಾ?

ಕೊಡುತ್ತಿದ್ದಾಳೆ. ಕಿವಿಗೆ ಜಾಸ್ತಿಯೇ ಗಮನ ಕೊಡುತ್ತಿದ್ದಾಳೆ. ಕನ್ನಡ ಅವಳಿಗೆ ಕಲಿಸಿದ್ದು ‘ಕೇಳಿಸಿದ್ದನ್ನು ಬರಿ’ ಅಂತ. ಕಾಗುಣಿತ, ಒತ್ತಕ್ಷರ ಬಂದರೆ ಎಂದೂ ನೋಡದ ಪದವನ್ನೂ ಬರೆಯಬಹುದು. ಅದೇ ನಂಬಿಕೆಯಲ್ಲಿ ಅವಳು ಇಂಗ್ಲಿಷ್ ಬರೆಯುತ್ತಾಳೆ. ‘ಐ ನೋ’, ನನಗೆ ಗೊತ್ತು. ‘ನೋ’ ಅಂತ ಕೇಳಿಸಿತು, ಎನ್-ಓ ಅಂತ ಬರೆದಳು. ಮುಂದೆ ಒಂದು ಕೆ, ಹಿಂದೆ ಒಂದು ಡಬ್ಲ್ಯೂ ಇದೆ ಅಂತ ಕಿವಿ ಹೇಗೆ ಹೇಳೀತು?

ಆ ಕೆ ಒಂದು ಕಾಲದಲ್ಲಿ ಇಂಗ್ಲಿಷಿನವರ ಬಾಯಲ್ಲೂ ಇತ್ತು. ರಾತ್ರಿ ಅನ್ನುವ ನೈಟ್, ಎನ್-ಐ-ಜಿ-ಎಚ್-ಟಿ. ಅದರ ಜಿ-ಎಚ್‌ಗೂ ಗಂಟಲಿನಿಂದ ಹೊರಡುವ ಒಂದು ಸದ್ದಿತ್ತು. ಮಾಂಸ ಅನ್ನುವ ಮೀಟ್, ಎಂ-ಇ-ಎ-ಟಿ. ಭೇಟಿ ಅನ್ನುವ ಮೀಟ್, ಎಂ-ಇ-ಇ-ಟಿ. ಇವೆರಡರ ಸ್ವರ ಬೇರೆ ಬೇರೆಯೇ ಇತ್ತು. ವಿಲಿಯಂ ಕ್ಯಾಕ್ಸ್‌ಟನ್ ಇಂಗ್ಲೆಂಡಿನಲ್ಲಿ ಮೊದಲ ಅಚ್ಚುಕೂಟ ಹಾಕಿದ್ದು 1476ರಲ್ಲಿ. ಪುಸ್ತಕಗಳು ಅಚ್ಚಾಗುತ್ತಾ ಹೋದ ಹಾಗೆ ಸ್ಪೆಲ್ಲಿಂಗ್ ಗಟ್ಟಿಯಾಯಿತು. ಆದರೆ ಬಾಯಿ ಸುಮ್ನೆ ಇರಲಿಲ್ಲ. ಸುಮಾರು 1400ರಿಂದ 1700ರ ಒಳಗೆ ಇಂಗ್ಲಿಷಿನ ದೀರ್ಘ ಸ್ವರಗಳು ಒಂದೊಂದಾಗಿ ಬದಲಾದವು. ಸದ್ದು ಹೋಯಿತು, ಅಕ್ಷರ ಉಳಿಯಿತು.

ನಮ್ಮಲ್ಲೂ ಹೀಗೇ ಸದ್ದುಗಳು ಹೋಗಿವೆ. ಹಳಗನ್ನಡದಲ್ಲಿ ಬಾಗಿಲು ತೆರೆಯುವುದಕ್ಕೆ ‘ತೆಱೆ’, ಸಮುದ್ರದ ಅಲೆಗೆ ‘ತೆರೆ’. ತಿಳಿಯುವುದಕ್ಕೆ ‘ಅಱಿ’, ಶತ್ರುವಿಗೆ ‘ಅರಿ’. ಆ ಇನ್ನೊಂದು ರಕಾರವನ್ನು ಶಕಟರೇಫ ಅನ್ನುತ್ತಾರೆ. ಅದರ ಸದ್ದು ಬಾಯಿಂದ ಹೋದ ಮೇಲೆ ನಾವು ಅಕ್ಷರವನ್ನೂ ಬಿಟ್ಟುಬಿಟ್ಟೆವು. ಇಂಗ್ಲಿಷಿನವರು ಬಿಡಲಿಲ್ಲ. ಐದನೇ ಕ್ಲಾಸು ದಾಟಿದ ಮಕ್ಕಳಿಗೆ ಇದನ್ನು ಕಥೆಯ ಹಾಗೆ ಹೇಳಿ ನೋಡಿ. ‘ನಾನು ದಡ್ಡ ಅಲ್ಲ, ಈ ಸ್ಪೆಲ್ಲಿಂಗ್ ಹಳೇ ಕಾಲದ್ದು’ ಅಂತ ಗೊತ್ತಾದ ಮೇಲೆ ಮಕ್ಕಳ ಮುಖ ಬದಲಾಗುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ.

ಯಾವ ವಯಸ್ಸಿಗೆ ಶುರು ಮಾಡಬೇಕು?

2007ರಿಂದ ನಮ್ಮ ಸರ್ಕಾರಿ ಶಾಲೆಗಳಲ್ಲೂ ಒಂದನೇ ಕ್ಲಾಸಿನಿಂದಲೇ ಇಂಗ್ಲಿಷ್ ಇದೆ. ಆದರೂ ಒಂದು, ಎರಡನೇ ಕ್ಲಾಸಿನಲ್ಲಿ ಹೋಮೋಫೋನ್ ಅನ್ನುವ ಮಾತೇ ಬೇಡ. ಮಗು ತಾನಾಗಿ ನಾಲ್ಕೈದು ಪದದ ವಾಕ್ಯ ಬರೆಯಲು ಶುರು ಮಾಡಿದಾಗ, ಅಂದರೆ ಸಾಮಾನ್ಯವಾಗಿ ಮೂರು ಅಥವಾ ನಾಲ್ಕನೇ ಕ್ಲಾಸಿನಲ್ಲಿ, ಈ ಕೆಲಸಕ್ಕೆ ಕೈ ಹಾಕಿ.

ಜೋಡಿ ಪದಗಳನ್ನು ಒಟ್ಟಿಗೆ ಹೇಳಿಕೊಟ್ರೆ ಬೇಗ ಬರುತ್ತೆ ಅಲ್ವಾ?

ಬರುವುದಿಲ್ಲ. ಈ ಇಡೀ ಪುಟದಲ್ಲಿ ನೀವು ಒಂದೇ ಉತ್ತರ ಓದುವುದಾದರೆ ಇದನ್ನು ಓದಿ.

ಪಾಠ ಶುರು ಮಾಡಿದ ಮೊದಲ ವರ್ಷ ನಾನೂ ಹಾಗೇ ಮಾಡಿದೆ. ಬೋರ್ಡಿನ ನಡುವೆ ಉದ್ದಕ್ಕೆ ಒಂದು ಗೆರೆ ಎಳೆದೆ. ಎಡಗಡೆ ಎಚ್-ಇ-ಆರ್-ಇ, ಬಲಗಡೆ ಎಚ್-ಇ-ಎ-ಆರ್. ಹೀಗೆ ಹತ್ತು ಜೋಡಿ. ಮಕ್ಕಳು ಮುದ್ದಾಗಿ ಕಾಪಿ ಮಾಡಿಕೊಂಡರು. ಮರುದಿನ ನೋಡಿದರೆ, ಹಿಂದಿನ ವಾರದವರೆಗೂ ‘ಕಮ್ ಹಿಯರ್’ ಅಂತ ಸರಿಯಾಗಿ ಬರೆಯುತ್ತಿದ್ದ ಹುಡುಗಿ ಪೆನ್ಸಿಲ್ ಎತ್ತಿ ಹಿಡಿದು ಕೂತುಬಿಟ್ಟಿದ್ದಳು. ‘ಮಿಸ್, ಎಡಗಡೆದಾ, ಬಲಗಡೆದಾ?’ ಅಂತ ಕೇಳಿದಳು. ಜೋಡಿ ಅವಳಿಗೆ ನೆನಪಿತ್ತು. ಯಾವುದು ಯಾವ ಅರ್ಥಕ್ಕೆ ಅನ್ನೋದು ಕಲಸಿಹೋಗಿತ್ತು. ಬರುತ್ತಿದ್ದದ್ದನ್ನು ನಾನೇ ಕೆಡಿಸಿದ್ದೆ.

ಲವ, ಕುಶ ಅಂತ ಅವಳಿ ಹುಡುಗರನ್ನು ಒಂದೇ ದಿನ ಪರಿಚಯ ಮಾಡಿಸಿದರೆ ನಾಳೆ ನಾವು ಹೆಸರು ತಪ್ಪಿಯೇ ಕರೆಯುತ್ತೇವೆ. ಲವನ ಜೊತೆ ಒಂದು ತಿಂಗಳು ಓಡಾಡಿದ ಮೇಲೆ ಕುಶ ಬಂದರೆ, ‘ಇವನು ಅವನಲ್ಲ’ ಅಂತ ತಕ್ಷಣ ಗೊತ್ತಾಗುತ್ತದೆ.

ಈಗ ನಾನು ಮಾಡುವುದು ಹೀಗೆ. ಮೊದಲು ‘ಇಲ್ಲಿ’ ಅನ್ನುವ ಹಿಯರ್ ಒಂದೇ. ಎರಡು ವಾರ ಅದನ್ನೇ ಬಳಸುತ್ತೇವೆ. ಕಮ್ ಹಿಯರ್, ಸಿಟ್ ಹಿಯರ್, ಐ ಆಮ್ ಹಿಯರ್. ಹಾಜರಿ ಕರೆದಾಗಲೂ ‘ಹಿಯರ್, ಮಿಸ್’. ಆ ಇನ್ನೊಂದರ ಸುದ್ದಿಯೇ ಎತ್ತುವುದಿಲ್ಲ. ಅದು ಕೈಗೆ ಕೂತ ಮೇಲೆ, ಸುಮಾರು ದಿನ ಬಿಟ್ಟು, ‘ಕೇಳಿಸು’ ಅನ್ನುವ ಹಿಯರ್ ಬರುತ್ತದೆ. ಅದಕ್ಕೆ ಅದರದೇ ಚಿತ್ರ, ಅದರದೇ ವಾಕ್ಯ. ಎಚ್-ಇ-ಎ-ಆರ್ ಒಳಗೆ ಇ-ಎ-ಆರ್ ಇದೆ, ಇಯರ್, ಕಿವಿ. ಪದದ ಮೇಲೆ ಒಂದು ಕಿವಿ ಬರೆಯುತ್ತಾರೆ. ಎರಡೂ ಬೇರೆ ಬೇರೆಯಾಗಿ ಗಟ್ಟಿಯಾದ ಮೇಲೆ ಮಾತ್ರ ಒಂದೇ ಹಾಳೆಯಲ್ಲಿ ಎದುರುಬದುರು ಕೂರಿಸುತ್ತೇನೆ.

ನೂರಾರು ಜೋಡಿ ಇವೆಯಂತೆ. ಯಾವುದರಿಂದ ಶುರು?

ಮಗು ದಿನಾ ಬರೆಯುವ ಪದಗಳಿಂದ. ಟು, ದೇರ್, ಹಿಯರ್, ನೋ, ರೈಟ್, ಯುವರ್, ಇಟ್ಸ್. ಇಷ್ಟು ಸರಿಯಾದರೆ ನೋಟ್‌ಬುಕ್ಕಿನ ಕೆಂಪು ಗೆರೆ ಎಷ್ಟೋ ಕಡಿಮೆಯಾಗುತ್ತದೆ. ಕುದುರೆ ಮೇಲಿನ ಯೋಧ ಅನ್ನುವ ನೈಟ್, ಮೊಲದ ಜಾತಿಯ ಹೇರ್ ಇವೆಲ್ಲ ವರ್ಕ್‌ಶೀಟಿನಲ್ಲಿ ಚಂದ. ಮೂರನೇ ಕ್ಲಾಸಿನ ಮಗು ಅವನ್ನು ವರ್ಷಕ್ಕೊಮ್ಮೆಯೂ ಬರೆಯುವುದಿಲ್ಲ. ಆಮೇಲೆ ಕಲಿತರಾಯಿತು.

ಮೂರು ‘ದೇರ್’ ಇವೆ. ಹೇಗೆ ಬಿಡಿಸಿ ಹೇಳೋದು?

ಇಲ್ಲಿ ಕನ್ನಡ ನಮ್ಮ ಕೈ ಹಿಡಿಯುತ್ತದೆ. ಇಲ್ಲಿ, ಅಲ್ಲಿ, ಎಲ್ಲಿ. ಮೂರರಲ್ಲೂ ಬಾಲ ಒಂದೇ, ‘ಲ್ಲಿ’. ಇಂಗ್ಲಿಷಿನಲ್ಲೂ ಹಾಗೇ ಇದೆ, ನೋಡಿ. ಹಿಯರ್, ಎಚ್-ಇ-ಆರ್-ಇ. ದೇರ್, ಟಿ-ಎಚ್-ಇ-ಆರ್-ಇ. ವೇರ್, ಡಬ್ಲ್ಯೂ-ಎಚ್-ಇ-ಆರ್-ಇ. ಎಚ್-ಇ-ಆರ್-ಇ ಅನ್ನುವುದೇ ಅವರ ‘ಲ್ಲಿ’. ಮೂರನ್ನೂ ಒಂದರ ಕೆಳಗೆ ಒಂದು ಬರೆಸಿ, ಬಾಲಕ್ಕೆ ಬಣ್ಣ ಹಚ್ಚಿಸಿ. ಜಾಗದ ಮಾತಾದರೆ ಈ ಬಾಲ ಇರಲೇಬೇಕು. ಇದು ಒಂದು ಸಲ ತಲೆಗೆ ಹೋದರೆ ಮತ್ತೆ ಮರೆಯುವುದಿಲ್ಲ.

ಎರಡನೆಯದು ‘ಅವರ’ ಅನ್ನುವ ದೇರ್, ಟಿ-ಎಚ್-ಇ-ಐ-ಆರ್. ಇದರ ಮನೆ ಬೇರೆ. ಇದು ‘ದೇ’ ಅನ್ನುವುದರ ಮಗು. ಅವರು, ಅವರ. ದೇ, ದೇರ್. ಟಿ-ಎಚ್-ಇ-ವೈ ಯಲ್ಲಿರುವ ವೈ ಜಾಗಕ್ಕೆ ಐ ಬಂದು, ಕೊನೆಗೆ ಆರ್ ಸೇರಿದೆ ಅಂತ ಹೇಳಿಕೊಡಿ.

ಮೂರನೆಯದು ‘ದೇ ಆರ್’ ಸೇರಿ ಆದದ್ದು. ಇದಕ್ಕೆ ಲೋಪಸಂಧಿ ನೆನಪಿಸಿ. ಊರು ಮತ್ತು ಅಲ್ಲಿ ಸೇರಿ ‘ಊರಲ್ಲಿ’ ಆದಾಗ ನಡುವಿನ ಉಕಾರ ಬಿದ್ದುಹೋಗುತ್ತದೆ, ಅಲ್ವಾ? ದೇ ಮತ್ತು ಆರ್ ಸೇರಿದಾಗ ಎ ಅಕ್ಷರ ಬಿದ್ದುಹೋಗುತ್ತದೆ. ನಾವು ಬಿದ್ದ ಜಾಗಕ್ಕೆ ಏನೂ ಗುರುತು ಹಾಕುವುದಿಲ್ಲ. ಅವರು ಮೇಲೆ ಒಂದು ಚಿಕ್ಕ ಕೊಕ್ಕೆ ಹಾಕುತ್ತಾರೆ. ಆ ಕೊಕ್ಕೆಯೇ ಅಪಾಸ್ಟ್ರಫಿ.

ಒಂದು ಎಚ್ಚರಿಕೆ. ‘ದೇರ್ ಈಸ್ ಎ ಕ್ಯಾಟ್ ಇನ್ ದ ಕಿಚನ್’ ಅನ್ನುವುದನ್ನು ಕನ್ನಡಕ್ಕೆ ತಂದರೆ ‘ಅಡುಗೆಮನೆಯಲ್ಲಿ ಬೆಕ್ಕಿದೆ’ ಅಂತ ಆಗುತ್ತದೆ. ‘ಅಲ್ಲಿ’ ಎಲ್ಲೂ ಕಾಣಿಸುವುದಿಲ್ಲ. ಹಾಗಾಗಿ ಅರ್ಥ ಕೇಳಿ ಬರೆಯುವ ಮಗು ಇಲ್ಲಿ ಎಡವುತ್ತದೆ. ಮುಂದೆ ಈಸ್, ಆರ್, ವಾಸ್, ವರ್ ಬಂದು ‘ಇದೆ, ಇತ್ತು’ ಅನ್ನುವ ಅರ್ಥ ಬಂದರೆ ಅಲ್ಲೂ ಟಿ-ಎಚ್-ಇ-ಆರ್-ಇ ಅಂತ ಬೇರೆಯಾಗಿಯೇ ಹೇಳಿಕೊಡಬೇಕು.

ಮೂರು ‘ಟು’?

ಇದು ದೇರ್‌ಗಿಂತ ಸುಲಭ. ಎರಡು ಅನ್ನುವ ಟು, ಟಿ-ಡಬ್ಲ್ಯೂ-ಓ. ಡಬ್ಲ್ಯೂ ಸದ್ದೇ ಮಾಡುವುದಿಲ್ಲ. ಆದರೆ ಅದರ ನೆಂಟರು ಮಾಡುತ್ತಾರೆ: ಟ್ವೆಲ್ವ್, ಟ್ವೆಂಟಿ, ಟ್ವೈಸ್, ಟ್ವಿನ್ಸ್. ಎಲ್ಲದರಲ್ಲೂ ಎರಡರ ಲೆಕ್ಕ, ಎಲ್ಲದರಲ್ಲೂ ಟಿ-ಡಬ್ಲ್ಯೂ.

‘ಕೂಡ’ ಅನ್ನುವ ಟೂ, ಟಿ-ಓ-ಓ. ನಾವು ‘ನಾನು’ ಅನ್ನುವುದನ್ನು ‘ನಾನೂ’ ಅಂತ ಎಳೆಯುತ್ತೇವೆ. ‘ನಾನೂ ಬರ್ತೀನಿ’. ಕೊನೆಯ ಸ್ವರ ಉದ್ದವಾದರೆ ‘ಸಹ’ ಅನ್ನುವ ಅರ್ಥ ಬಂತು. ಅವರು ಒಂದು ಓ ಜಾಸ್ತಿ ಹಾಕುತ್ತಾರೆ. ‘ಐ ವಿಲ್ ಕಮ್ ಟೂ’. ಮಕ್ಕಳಿಗೆ ಇದು ಎಷ್ಟು ಇಷ್ಟ ಆಗುತ್ತದೆ ಅಂದರೆ, ‘ನಾನೂ’ ಅಂತ ರಾಗ ಎಳೆಯುತ್ತಾ ಎರಡನೇ ಓ ಬರೆಯುತ್ತಾರೆ. ಟೀ ವಿಪರೀತ ಬಿಸಿ, ‘ಟೂ ಹಾಟ್’ ಅಂದಾಗಲೂ ಇದೇ ಟೂ. ಅಲ್ಲೂ ಏನೋ ಜಾಸ್ತಿಯಾಗಿದೆ, ಓ ಕೂಡ ಜಾಸ್ತಿ.

ಉಳಿದದ್ದಕ್ಕೆಲ್ಲ ಟಿ-ಓ. ಶಾಲೆಗೆ, ಮನೆಗೆ, ಊಟಕ್ಕೆ, ಆಡಲು, ಓದಲು.

ಇಟ್ಸ್, ಯುವರ್ ಬರೆಯುವಾಗ ಕೊಕ್ಕೆ ಎಲ್ಲಿ ಹಾಕಬೇಕೋ ತಿಳಿಯಲ್ಲ ಅಂತಾನೆ ಮಗ.

ದೊಡ್ಡವರೂ ತಪ್ಪುವ ಜಾಗ ಇದು. ಎರಡು ಕಾರಣಗಳಿವೆ.

ಒಂದು, ‘ರವಿಯ ಪುಸ್ತಕ’ ಅನ್ನುವುದಕ್ಕೆ ರವಿ ಆದ ಮೇಲೆ ಕೊಕ್ಕೆ, ಆಮೇಲೆ ಎಸ್ ಅಂತ ಮಗು ಕಲಿತಿರುತ್ತದೆ. ಹಾಗಾದರೆ ‘ಅದರ ಬಾಲ’ ಅನ್ನುವುದಕ್ಕೂ ಕೊಕ್ಕೆ ಬೇಕಲ್ಲ ಅಂದುಕೊಳ್ಳುತ್ತದೆ. ಯೋಚನೆ ಚೆನ್ನಾಗಿಯೇ ಇದೆ. ಆದರೆ ಹಿಸ್, ಹರ್, ಅವರ್, ಯುವರ್, ದೇರ್, ಇಟ್ಸ್ ಒಂದೇ ಮನೆಯವು. ಅವನ, ಅವಳ, ನಮ್ಮ, ನಿನ್ನ, ಅವರ, ಅದರ. ಈ ಮನೆಯಲ್ಲಿ ಯಾರಿಗೂ ಕೊಕ್ಕೆ ಇಲ್ಲ. ‘ಹಿಸ್’ ಬರೆಯುವಾಗ ಹಾಕ್ತೀಯಾ ಅಂತ ಕೇಳಿ. ಇಲ್ಲ ಅನ್ನುತ್ತಾನೆ. ಹಾಗಾದರೆ ಅದರ ತಮ್ಮ ‘ಇಟ್ಸ್’ಗೂ ಇಲ್ಲ.

ಎರಡನೇ ಕಾರಣವನ್ನು ಟೀಚರ್‌ಗಳು ಗಮನಿಸಲೇಬೇಕು. ಕನ್ನಡದಲ್ಲಿ ‘ಇದು ಪುಸ್ತಕ’ ಅಂದರೆ ವಾಕ್ಯ ಮುಗಿಯಿತು. ಅಲ್ಲಿ ‘ಈಸ್’ಗೆ ಸಮನಾದ ಪದವೇ ಇಲ್ಲ. ಹಾಗಾಗಿ ‘ಇಟ್ಸ್ ಎ ಬುಕ್’ ಅಂತ ಕೇಳಿದ ಮಗುವಿಗೆ ಅದರೊಳಗೆ ಒಂದು ‘ಈಸ್’ ಅಡಗಿದೆ ಅಂತ ಅನ್ನಿಸುವುದೇ ಇಲ್ಲ. ಸುಮ್ನೆ ಐ-ಟಿ-ಎಸ್ ಅಂತ ಬರೆಯುತ್ತದೆ. ಮೊದಲ ಕೆಲವು ವಾರ ಬಿಡಿಸಿಯೇ ಹೇಳಿಸಿ: ‘ಇಟ್ ಈಸ್ ಎ ಬುಕ್’, ‘ಯು ಆರ್ ಮೈ ಫ್ರೆಂಡ್’. ಬಿಡಿಸಿ ಓದಿದಾಗ ವಾಕ್ಯ ಸರಿಯಾಗಿ ಬಂದರೆ ಕೊಕ್ಕೆ ಹಾಕಬಹುದು. ‘ದ ಡಾಗ್ ವ್ಯಾಗ್ಸ್ ಇಟ್ ಈಸ್ ಟೇಲ್’ ಅಂತ ಓದಿದರೆ ಮಕ್ಕಳೇ ನಗುತ್ತಾರೆ. ಅಲ್ಲಿ ಕೊಕ್ಕೆ ಬೇಡ ಅಂತ ಅವರಿಗೇ ಗೊತ್ತಾಗುತ್ತದೆ.

ನಮ್ಮ ಮನೆಯಲ್ಲಿ ‘ಹ’ ಬಿಟ್ಟು ಮಾತಾಡ್ತೀವಿ. ಅದಕ್ಕೇ ಮಗು ಹೇರ್‌ಗೆ ಏರ್ ಅಂತ ಬರೀತಿದೆಯಾ?

ಇರಬಹುದು. ಇದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಅಕ್ಕಿಯೂ ‘ಅಕ್ಕಿ’, ಹಕ್ಕಿಯೂ ‘ಅಕ್ಕಿ’. ಆ ಮಕ್ಕಳು ಕನ್ನಡ ಬರೆಯುವಾಗಲೇ ಒಂದು ಹೋಮೋಫೋನ್ ದಾಟಿ ಬಂದಿರುತ್ತಾರೆ. ಅದನ್ನೇ ನೆನಪಿಸಿ: ‘ಹಕ್ಕಿಗೆ ಹ ಹಾಕೋದು ಕಲಿತೆ ಅಲ್ವಾ? ಇದೂ ಹಾಗೇ.’

ಆದರೆ ಒಂದು ವ್ಯತ್ಯಾಸ ತಿಳಿದಿರಲಿ. ಹೇರ್ ಮತ್ತು ಏರ್, ಹಿಲ್ ಮತ್ತು ಇಲ್, ಹೀಟ್ ಮತ್ತು ಈಟ್ ಇವು ನಿಜವಾದ ಹೋಮೋಫೋನ್‌ಗಳಲ್ಲ. ನಮ್ಮ ಬಾಯಲ್ಲಿ ಮಾತ್ರ ಒಂದಾಗಿವೆ. ಇಂಥವು ಇನ್ನೂ ಇವೆ. ‘ಎಲ್ಲಿ’ಯನ್ನು ‘ಯೆಲ್ಲಿ’ ಅನ್ನುವ ಅಭ್ಯಾಸದಿಂದ ಕಿವಿಯ ಇಯರ್, ವರ್ಷದ ಯಿಯರ್ ಒಂದೇ ಆಗುತ್ತವೆ. ಬನಿಯನ್ ಅನ್ನುವ ವೆಸ್ಟ್‌ಗೆ ವಿ, ಪಶ್ಚಿಮ ಅನ್ನುವ ವೆಸ್ಟ್‌ಗೆ ಡಬ್ಲ್ಯೂ. ಕನ್ನಡದಲ್ಲಿ ನಮಗೆ ಇರುವುದು ಒಂದೇ ‘ವ’. ಹಾಲು ಹಾಕುವ ಡೇರಿಗೂ ಹಳ್ಳಿಗಳಲ್ಲಿ ‘ಡೈರಿ’ ಅನ್ನುತ್ತೇವೆ, ಬರೆಯುವ ಪುಸ್ತಕಕ್ಕೂ ಡೈರಿಯೇ. ಡಿ-ಎ-ಐ-ಆರ್-ವೈ ಹಾಲಿನದು, ಡಿ-ಐ-ಎ-ಆರ್-ವೈ ಬರೆಯುವುದು.

ಈ ಪದಗಳಿಗೆ ಸ್ಪೆಲ್ಲಿಂಗ್ ಬಾಯಿಪಾಠ ಮಾಡಿಸುವ ಮೊದಲು ಬಾಯಿ ತಿದ್ದಿ. ಅಂಗೈಯನ್ನು ಬಾಯಿ ಮುಂದೆ ಹಿಡಿದು ‘ಹಿಲ್’ ಅಂದರೆ ಉಸಿರು ತಾಗುತ್ತದೆ, ‘ಇಲ್’ ಅಂದರೆ ತಾಗುವುದಿಲ್ಲ. ವಿ ಹೇಳುವಾಗ ಮೇಲಿನ ಹಲ್ಲು ಕೆಳತುಟಿಗೆ ತಾಗಬೇಕು. ಡಬ್ಲ್ಯೂ ಸದ್ದಿಗೆ ಹಲ್ಲು ತಾಗಬಾರದು, ತುಟಿ ದುಂಡಗಾಗಬೇಕು. ಕನ್ನಡಿ ಕೊಟ್ಟು ಮಾಡಿಸಿ. ಬಾಯಲ್ಲಿ ಬೇರೆಯಾದರೆ ಬರವಣಿಗೆಯಲ್ಲೂ ಬೇರೆಯಾಗುತ್ತದೆ. ಮನೆ ಮಾತು ಮಾತ್ರ ಹಾಗೇ ಇರಲಿ, ಅದನ್ನು ತಿದ್ದಲು ಹೋಗಬೇಡಿ.

ಇಂಟರ್‌ನೆಟ್ಟಿನಿಂದ ತೆಗೆದ ಪಟ್ಟಿಯಲ್ಲಿ ಸಾಸ್, ಸೋರ್ಸ್ ಎರಡೂ ಒಂದೇ ಸದ್ದು ಅಂತ ಇದೆ. ಸರಿನಾ?

ಇಂಗ್ಲೆಂಡಿನ ಬಹಳ ಕಡೆ ಸರಿ. ಅಲ್ಲಿ ಇಂಥ ಪದಗಳಲ್ಲಿ ಸ್ವರ ಆದ ಮೇಲೆ ಬರುವ ಆರ್ ಹೇಳುವುದಿಲ್ಲ. ಹಾಗಾಗಿ ಸಾಸ್ ಮತ್ತು ಸೋರ್ಸ್, ಹಿಡಿದ ಅನ್ನುವ ಕಾಟ್ ಮತ್ತು ಕೋರ್ಟ್ ಅವರ ಬಾಯಲ್ಲಿ ಒಂದೇ. ನಾವು ಆರ್ ಸ್ಪಷ್ಟವಾಗಿ ಹೇಳುತ್ತೇವೆ, ನಮ್ಮ ಮಕ್ಕಳಿಗೆ ಅವು ಬೇರೆಯಾಗಿಯೇ ಕೇಳಿಸುತ್ತವೆ. ಪಟ್ಟಿಯಿಂದ ಅವನ್ನು ಹೊಡೆದುಹಾಕಿ. ಇಲ್ಲದ ಗೊಂದಲವನ್ನು ತಂದು ಕೊಡುವುದು ಬೇಡ. ಅಮೆರಿಕದಲ್ಲಿರುವ ನಿಮ್ಮ ಅಕ್ಕನ ಮಗುವಿಗೆ ಒಂದಾಗುವ ಜೋಡಿಗಳು ಇನ್ನೂ ಬೇರೆ. ಮಂಚ ಅನ್ನುವ ಕಾಟ್, ಹಿಡಿದ ಅನ್ನುವ ಕಾಟ್ ಅಲ್ಲಿ ಬಹಳ ಜನಕ್ಕೆ ಒಂದೇ, ನಮಗೂ ಒಂದೇ. ಇಂಗ್ಲೆಂಡಿನಲ್ಲಿ ಬೇರೆ ಬೇರೆ.

ನೆನಪಿಡಲು ಸುಲಭದ ಉಪಾಯ ಇದೆಯಾ?

ಇದೆ. ಆದರೆ ಉಪಾಯ ಮಗುವಿನ ಸುತ್ತಲಿನದಾಗಿರಬೇಕು. ತುಂಡು ಅನ್ನುವ ಪೀಸ್ ನೆನಪಿಡಲು ‘ಎ ಪೀಸ್ ಆಫ್ ಪೈ’ ಅಂತ ಪುಸ್ತಕಗಳಲ್ಲಿ ಇರುತ್ತದೆ, ಪಿ-ಐ-ಇ-ಸಿ-ಇ ಒಳಗೆ ಪಿ-ಐ-ಇ ಇದೆ ಅಂತ. ಪೈ ಅನ್ನುವ ತಿಂಡಿಯನ್ನೇ ನೋಡದ ಮಗುವಿಗೆ ಅದರಿಂದ ಏನು ಉಪಯೋಗ?

ಪೇಟೆಗೆ ಹೋದಾಗ ಬೋರ್ಡುಗಳನ್ನು ಓದಿಸಿ. ‘ಹೋಲ್‌ಸೇಲ್’ ಅಂಗಡಿ ಇಲ್ಲದ ಊರಿಲ್ಲ. ಅಲ್ಲಿ ಹೋಲ್ ಅಂದರೆ ಇಡೀ, ಮುಂದೆ ಡಬ್ಲ್ಯೂ ಇದೆ. ಸೇಲ್ ಅಂದರೆ ಮಾರಾಟ, ಎಸ್-ಎ-ಎಲ್-ಇ. ಒಂದೇ ಬೋರ್ಡಿನಲ್ಲಿ ಎರಡು ಪಾಠ. ‘ಸ್ಟೇಷನರಿ’ ಅಂಗಡಿಯ ಬೋರ್ಡುಗಳಲ್ಲಿ ಸ್ಪೆಲ್ಲಿಂಗ್ ತಪ್ಪಿರುವುದು ಬಹಳ. ಪೇಪರ್‌ನ ಕೊನೆಗೆ ಇ-ಆರ್, ಪೇಪರ್ ಮಾರುವ ಸ್ಟೇಷನರಿಯಲ್ಲೂ ಇ-ಆರ್-ವೈ. ನಿಂತಲ್ಲೇ ನಿಂತದ್ದಕ್ಕೆ ಎ-ಆರ್-ವೈ. ನನ್ನ ಹತ್ತಿರ ಬರುವ ಆರನೇ ಕ್ಲಾಸಿನ ಮಕ್ಕಳು ತಪ್ಪು ಬೋರ್ಡುಗಳನ್ನು ಎಣಿಸಿಕೊಂಡು ಬರುತ್ತಾರೆ. ಶಾಲೆಯ ಮುಖ್ಯಸ್ಥರನ್ನು ನಾವು ಹೇಗೂ ‘ಪ್ರಿನ್ಸಿಪಾಲ್’ ಅಂತಲೇ ಕರೆಯುತ್ತೇವೆ. ಆ ‘ಪಾಲ್’ ಅನ್ನು ಹಾಗೇ ಪಿ-ಎ-ಎಲ್ ಅಂತ ಬರೆದರೆ ಸರಿ. ನಮ್ಮ ಉಚ್ಚಾರಣೆಯೇ ಇಲ್ಲಿ ಸಹಾಯಕ್ಕೆ ಬರುತ್ತದೆ.

ಮೀಟ್‌ಗೆ ‘ತಿನ್ನುವ ಮೀಟ್ ಒಳಗೆ ಈಟ್ ಇದೆ’ ಅನ್ನಬಹುದು. ಇನ್ನೊಂದು ವಿಷಯ ಅಡುಗೆಮನೆಯಲ್ಲೇ ಹೇಳಿ: ಹಿಟ್ಟು ಅನ್ನುವ ಫ್ಲವರ್, ಎಫ್-ಎಲ್-ಓ-ಯು-ಆರ್, ಹೂವಿನ ಫ್ಲವರ್‌ನಿಂದಲೇ ಬಂದದ್ದು. ಧಾನ್ಯದ ಅತಿ ನಯವಾದ ಭಾಗ ಅಂದರೆ ಅದರ ಹೂವು ಅಂತ ಲೆಕ್ಕ. ಮೊದಲು ಎರಡಕ್ಕೂ ಒಂದೇ ಪದ ಇತ್ತು, ಆಮೇಲೆ ಸ್ಪೆಲ್ಲಿಂಗ್ ಬೇರೆಯಾಯಿತು.

ಎಲ್ಲ ಜೋಡಿಗೂ ಉಪಾಯ ಹುಡುಕಬೇಡಿ. ಉಪಾಯಗಳೇ ಹೊರೆಯಾದರೆ ಏನು ಬಂತು.

ಡಿಕ್ಟೇಶನ್‌ನಲ್ಲಿ ‘ರೈಟ್’ ಅಂದ್ರು. ಮಗು ಆರ್-ಐ-ಜಿ-ಎಚ್-ಟಿ ಬರೀತು, ಅದಕ್ಕೆ ತಪ್ಪು ಹಾಕಿದ್ದಾರೆ.

ಆ ಮಗುವಿನ ತಪ್ಪಲ್ಲ. ಬಿಡಿ ಪದ ಹೇಳಿದರೆ ‘ಸರಿ’ ಅನ್ನುವ ರೈಟೋ, ‘ಬರೆ’ ಅನ್ನುವ ಡಬ್ಲ್ಯೂ-ಆರ್-ಐ-ಟಿ-ಇ ರೈಟೋ ಅಂತ ಯಾರಿಗೂ ತಿಳಿಯುವುದಿಲ್ಲ. ಟೀಚರ್‌ಗಳಲ್ಲಿ ನನ್ನ ಕೋರಿಕೆ ಇಷ್ಟು: ಪದ ಹೇಳಿ, ಅದನ್ನು ಒಂದು ವಾಕ್ಯದಲ್ಲಿ ಇಟ್ಟು ಹೇಳಿ, ಮತ್ತೆ ಪದ ಹೇಳಿ. ‘ರೈಟ್. ರೈಟ್ ಯುವರ್ ನೇಮ್. ರೈಟ್.’ ಐದೇ ಸೆಕೆಂಡು ಜಾಸ್ತಿ. ತಪ್ಪಾದಾಗ ಸರಿ ಉತ್ತರವನ್ನು ಹತ್ತು ಸಲ ಬರೆಸುವುದಕ್ಕಿಂತ, ಆ ಪದ ಇರುವ ಒಂದು ವಾಕ್ಯವನ್ನು ಮಗುವೇ ಕಟ್ಟಿ ಬರೆಯಲಿ. ಹತ್ತು ಸಲ ಬರೆಯುವಾಗ ಕೈ ಓಡುತ್ತದೆ, ಅರ್ಥ ಜೊತೆಗೆ ಬರುವುದಿಲ್ಲ.

ಮೊಬೈಲ್, ಕಂಪ್ಯೂಟರ್ ಸ್ಪೆಲ್ಲಿಂಗ್ ತಿದ್ದುತ್ತವಲ್ಲ, ಇಷ್ಟೆಲ್ಲ ಯಾಕೆ?

ಪದವೇ ಇಲ್ಲದ ಸ್ಪೆಲ್ಲಿಂಗ್ ಬರೆದರೆ ಕೆಳಗೆ ಕೆಂಪು ಗೆರೆ ಬರುತ್ತದೆ. ಎಸ್-ಇ-ಎ, ಎಸ್-ಇ-ಇ ಎರಡೂ ಸರಿಯಾದ ಪದಗಳೇ, ಹಾಗಾಗಿ ಎಷ್ಟೋ ಸಲ ಗೆರೆ ಬರುವುದಿಲ್ಲ. ಪರೀಕ್ಷೆಯಲ್ಲಂತೂ ಕೈಯಲ್ಲಿ ಪೆನ್ನು ಮಾತ್ರ.

ನನಗೇ ಇಂಗ್ಲಿಷ್ ಅಷ್ಟಾಗಿ ಬರಲ್ಲ. ಮನೆಯಲ್ಲಿ ನಾನು ಏನು ಮಾಡಬಹುದು?

ಅಮ್ಮಂದಿರು ಈ ಮಾತನ್ನು ದನಿ ತಗ್ಗಿಸಿ ಕೇಳುತ್ತಾರೆ. ದಯವಿಟ್ಟು ಹಾಗೆ ಕೇಳಬೇಡಿ. ಈ ಕೆಲಸಕ್ಕೆ ಬೇಕಾದ ಮುಖ್ಯ ಸಾಮಾನು ನಿಮ್ಮ ಹತ್ತಿರವೇ ಇದೆ, ಅದು ಕನ್ನಡ. ಮಗು ಬರೆದದ್ದನ್ನು ಓದಲಿ. ನಿಮ್ಮ ಪ್ರಶ್ನೆ ಒಂದೇ ಇರಲಿ: ‘ಇಲ್ಲಿ ಇದರ ಅರ್ಥ ಏನು, ಕನ್ನಡದಲ್ಲಿ ಹೇಳು.’ ‘ಅವರ ಮನೆ’ ಅಂತ ಅವನು ಹೇಳಿದರೆ, ‘ಅವರ ಅನ್ನೋದಕ್ಕೆ ಯಾವ ಸ್ಪೆಲ್ಲಿಂಗ್ ಅಂತ ಹೇಳಿದ್ರು?’ ಅಂತ ಕೇಳಿ. ಉತ್ತರ ನಿಮಗೆ ಗೊತ್ತಿರಬೇಕಾಗಿಲ್ಲ. ನಿಂತು ಯೋಚಿಸುವ ಅಭ್ಯಾಸ ಅವನಿಗೆ ಬಂದರೆ ಸಾಕು.

ಗೋಡೆ ಮೇಲಿನ ಕ್ಯಾಲೆಂಡರ್ ಪಕ್ಕ ಒಂದು ಹಾಳೆ ಅಂಟಿಸಿ. ವಾರಕ್ಕೆ ಒಂದೇ ಪದ, ಅದರ ಕನ್ನಡ ಅರ್ಥ, ಒಂದು ಚಿತ್ರ. ತಿಂಗಳು ಕಳೆದ ಮೇಲೆ ಹಳೆಯ ಎರಡು ಪದಗಳನ್ನು ಎರಡು ಚೀಟಿಯಲ್ಲಿ ಬರೆದು ಮಗುವಿನ ಕೈಗೆ ಕೊಡಿ. ನೀವು ಚಪಾತಿ ಲಟ್ಟಿಸುತ್ತಾ ಕನ್ನಡದಲ್ಲಿ ‘ಸೂರ್ಯ’ ಅನ್ನಿ, ‘ಮಗ’ ಅನ್ನಿ. ಮಗು ಸರಿಯಾದ ಚೀಟಿ ಎತ್ತಬೇಕು. ಐದು ನಿಮಿಷ ಸಾಕು.

ಪದಗಳನ್ನು ಹೀಗೆ ಅದಲುಬದಲು ಮಾಡೋದು ಕಲಿಕೆಯ ತೊಂದರೆ ಇರಬಹುದಾ?

ಹೋಮೋಫೋನ್ ತಪ್ಪುವುದೊಂದೇ ಆದರೆ ಹೆದರಬೇಡಿ, ಇಂಗ್ಲಿಷ್ ಮನೆಮಾತಿನ ಮಕ್ಕಳೂ ತಪ್ಪುತ್ತಾರೆ. ಕನ್ನಡ ಓದುವುದೂ ಬಹಳ ಕಷ್ಟ, ಮೂರು-ನಾಲ್ಕು ವರ್ಷ ಕಲಿತ ಮೇಲೂ ಅಕ್ಷರ ಕೂಡಿಸಲು ಒದ್ದಾಟ, ಬೋರ್ಡು ನೋಡಿ ಕಾಪಿ ಮಾಡಲೂ ಆಗುತ್ತಿಲ್ಲ ಅಂತಿದ್ದರೆ ಶಾಲೆಯಲ್ಲಿ ಮಾತಾಡಿ, ಕಣ್ಣು-ಕಿವಿ ತೋರಿಸಿ. ಆಮೇಲೂ ಅನುಮಾನ ಉಳಿದರೆ ಮಕ್ಕಳ ತಜ್ಞರನ್ನು ಕಾಣಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳಿಗೆ ಅಂತಲೇ ವಿಭಾಗ ಇದೆ.

ರೀಡ್, ರೆಡ್ ಎರಡಕ್ಕೂ ಆರ್-ಇ-ಎ-ಡಿ ಅಂತೆ. ಇದು ಉಲ್ಟಾ ಅಲ್ವಾ?

ಹೌದು, ಇದು ಉಲ್ಟಾ. ಅಕ್ಷರ ಒಂದೇ, ಸದ್ದು ಎರಡು. ಓದುತ್ತೇನೆ ಅಂದರೆ ರೀಡ್, ಓದಿದೆ ಅಂದರೆ ರೆಡ್. ಜೊತೆಗೆ ಆ ರೆಡ್, ಕೆಂಪು ಬಣ್ಣದ ಆರ್-ಇ-ಡಿಗೆ ಹೋಮೋಫೋನ್ ಆಗುತ್ತದೆ. ಅದಕ್ಕೇ ಮಕ್ಕಳು ‘ನಾನು ಪುಸ್ತಕ ಓದಿದೆ’ ಅನ್ನುವಲ್ಲಿ ಕೆಂಪು ಬಣ್ಣ ಬರೆದುಬಿಡುತ್ತಾರೆ. ಇದನ್ನು ಎಲ್ಲಕ್ಕಿಂತ ಕೊನೆಗೆ ಹೇಳಿಕೊಡಿ. ಬರೆಯುವಾಗ, ಓದುವ ಕೆಲಸದ ಮಾತಾದರೆ ಎ ಇರಲೇಬೇಕು. ಗಟ್ಟಿಯಾಗಿ ಓದುವಾಗ ಸದ್ದು ಯಾವುದು ಅನ್ನುವುದಕ್ಕೆ ವಾಕ್ಯದ ಕೊನೆಗೆ ಕಣ್ಣು ಹಾಯಿಸಲಿ. ಯೆಸ್ಟರ್‌ಡೇ ಇದ್ದರೆ ರೆಡ್, ಎವೆರಿ ಡೇ ಇದ್ದರೆ ರೀಡ್. ಎರಡೂ ಇಲ್ಲದಿದ್ದರೆ ಹಿಂದಿನ ವಾಕ್ಯವನ್ನು ಮತ್ತೊಮ್ಮೆ ಓದಿ ಬರಲಿ.